ಸೂಜಿಗೆ ಮೊದಲು ಎರಡು ಸಾಲು

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಫಾರ್ಮಾಲಿನ್ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ದೇಹದಿಂದ ತೆಗೆದ ಮಾಂಸದ ಚೂರು ಕೆಡದಂತೆ ಹಾಕಿಡುವ ದ್ರಾವಣ ಅದು. ಮೂಗಿಗೆ ಒಮ್ಮೆ ಹತ್ತಿದರೆ ಊಟದ ತನಕ ಬಿಡುವುದಿಲ್ಲ. ಡಬ್ಬಿಯ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಪುಟ್ಟ ಬಾಟಲಿ ಉಳಿದುಕೊಂಡು, ಮುಚ್ಚಳ ಸಡಿಲಾಗಿ ಜಿನುಗಿತ್ತು. ಅದರ ಕೆಳಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ ಒಂದು ಕಟ್ಟು. ಗೋಡೆ ಕ್ಯಾಲೆಂಡರಿನ ಹಾಳೆಗಳು, ನಡುವೆ ಸರಿಯಾಗಿ ಎರಡು ಭಾಗ ಮಾಡಿದವು. ಒಂದು ಬದಿಗೆ ದಪ್ಪ ತಾರೀಖುಗಳು, ಅಮಾವಾಸ್ಯೆ, ಹುಣ್ಣಿಮೆ. ಇನ್ನೊಂದು ಬದಿಗೆ ನನ್ನ ಕೆಟ್ಟ ಕೈಬರಹದ ಎರಡು ಸಾಲು, ಅದರ ಕೆಳಗೆ ದುಂಡಗೆ ಬರೆದ ಮೂರನೆಯದೊಂದು.

ಆ ದುಂಡನೆಯ ಅಕ್ಷರ ನಮ್ಮ ನರ್ಸಬಾಯಿಯವರದು. ಅವರು ಹೋಗಿ ಆಗಲೇ ಎಷ್ಟು ವರ್ಷವಾಯಿತು... ನೆನಪಾಗುತ್ತಿದ್ದಂತೆ ನಾನು ಅಲ್ಲೇ, ಸ್ಟೋರ್ ರೂಮಿನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಡಬ್ಬಿ ಹುಡುಕಿದ್ದಕ್ಕೆ ಕಾರಣವಿತ್ತು. ನಮ್ಮ ಆಸ್ಪತ್ರೆ ಇರುವುದು ವಿಜಯಪುರದಲ್ಲಿ. ಆದರೆ ನಾನು ವಾರದ ನಾಲ್ಕು ದಿನ ಹೊರಗೇ ಇರುತ್ತೇನೆ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶುಕ್ರವಾರ ಬಸವನ ಬಾಗೇವಾಡಿ. ಆ ಊರುಗಳಲ್ಲಿರುವ ನಮ್ಮ ಸಣ್ಣ ಆಸ್ಪತ್ರೆಗಳಲ್ಲಿ ಲಿವರ್ ತೊಂದರೆಯವರನ್ನು ನೋಡುತ್ತೇನೆ, ಬೇಕಾದವರಿಗೆ ಬಯಾಪ್ಸಿ ಮಾಡುತ್ತೇನೆ. ಅಂದರೆ ಪಕ್ಕೆಲುಬುಗಳ ನಡುವೆ ಉದ್ದನೆಯ ಸೂಜಿ ಹಾಕಿ, ಲಿವರಿನಿಂದ ಶಾವಿಗೆಯ ಎಳೆಯಷ್ಟು ಚೂರು ತೆಗೆದು, ತಪಾಸಣೆಗೆ ವಿಜಯಪುರದ ಲ್ಯಾಬಿಗೆ ತರುವುದು. ಈಗ ಆಡಳಿತ ಮಂಡಳಿಯವರು ಪತ್ರ ಕಳಿಸಿದ್ದಾರೆ. ಸ್ಕ್ಯಾನ್ ಮಷಿನ್‌ಗಳು ಇಷ್ಟೊಂದು ಸುಧಾರಿಸಿರುವಾಗ ನಾಲ್ಕೂ ಕಡೆಯ ಈ ಸೂಜಿ ಸೇವೆಯಿಂದ ರೋಗಿಗೆ ನಿಜವಾಗಿ ಏನು ಉಪಯೋಗ, ಮುಂದುವರಿಸಬೇಕೋ ನಿಲ್ಲಿಸಬೇಕೋ, ಬರೆದುಕೊಡಿ ಎಂದು. ಕಂಪ್ಯೂಟರಿನಲ್ಲಿ ನೋಡಿದರೆ ಯಾರಿಗೆ, ಎಂದು, ಎಷ್ಟು ಉದ್ದದ ಚೂರು ತೆಗೆದೆವು ಎಂಬುದೆಲ್ಲ ಇದೆ. ಅದರಿಂದ ಅವರಿಗೆ ಏನಾಯಿತು ಎಂಬುದು ಎಲ್ಲೂ ಇಲ್ಲ. ಅದು ಇರುವುದು ಈ ಡಬ್ಬಿಯಲ್ಲಿ ಮಾತ್ರ.

ನಾನು ಓದು ಮುಗಿಸಿ ಬಂದ ಹೊಸದರಲ್ಲಿ ನನಗೆ ಕೊಂಬು ಬಂದಿದ್ದವು, ಸುಳ್ಳೇಕೆ ಹೇಳಲಿ. ಕಾಮಣಿಯಾಗಿ ಕಣ್ಣು ಹಳದಿಯಾದವರು, ಹೊಟ್ಟೆ ಉಬ್ಬಿದವರು, ರಕ್ತದ ವರದಿಯಲ್ಲಿ ಒಂದು ಅಂಕಿ ಹೆಚ್ಚಿದ್ದವರು, ಯಾರು ಸಿಕ್ಕರೂ ಸೂಜಿ. ಕೈ ಪಳಗಿತ್ತು. ಚೂರು ಪ್ರತಿ ಸಲವೂ ಸರಿಯಾಗಿ ಬರುತ್ತಿತ್ತು. ಹೀಗಾಗಿ ನನ್ನಷ್ಟು ಉಪಯೋಗದ ಡಾಕ್ಟರ್ ಈ ನಾಲ್ಕು ತಾಲೂಕಿನಲ್ಲೇ ಇಲ್ಲ ಎಂದುಕೊಂಡಿದ್ದೆ.

ನನ್ನ ಜೊತೆ ಜೀಪಿನಲ್ಲಿ ಬರುತ್ತಿದ್ದವರು ಈ ನರ್ಸಬಾಯಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಚಡಚಣದವರು, ಅಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನಾಡಿ ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಬಾಯಲ್ಲಿ ಸದಾ ಒಂದು ಲವಂಗ. ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂಡುತ್ತಿದ್ದರು. ನಾನು ಒಮ್ಮೆ, ಹಿಂದಿನ ಸೀಟಿನ ಮೇಲೆ ಇಡಬಾರದೇ ಎಂದಿದ್ದಕ್ಕೆ, "ಮಂದಿ ಜೀವದ ಚೂರು ತರೂ ಡಬ್ಬಿರೀ ಇದು" ಎಂದು ಕಣ್ಣು ಬಿಟ್ಟಿದ್ದರು.

ಸೂಜಿ ಹಾಕಿದ ದಿನ ಅವರು ನನ್ನ ಜೊತೆ ಮರಳುತ್ತಿರಲಿಲ್ಲ. ಬಯಾಪ್ಸಿಯಾದ ಮೇಲೆ ರೋಗಿ ಬಲಮಗ್ಗುಲಾಗಿ ತಾಸುಗಟ್ಟಲೆ ಮಲಗಬೇಕು, ಒಳಗೆ ರಕ್ತ ಸೋರುತ್ತಿದೆಯೇ ಎಂದು ನಾಡಿ, ಬಿ.ಪಿ. ನೋಡುತ್ತಿರಬೇಕು. ಇವರು ಆ ಊರಲ್ಲೇ ಉಳಿದು, ಮರುದಿನ ಮುಂಜಾನೆ ರೋಗಿ ಎದ್ದು ಚಹಾ ಕುಡಿದದ್ದನ್ನು ಕಂಡ ಮೇಲೆಯೇ ಬಸ್ಸು ಹತ್ತುವವರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಮುದ್ದೇಬಿಹಾಳದಲ್ಲಿ ಒಬ್ಬ ಗ್ಯಾರೇಜ್ ಮಿಸ್ತ್ರಿಗೆ ನಾನು ಸೂಜಿ ಹಾಕಿದೆ. ಅವನ ಲಿವರ್ ಗಂಟುಗಂಟಾಗಿರುವುದು ಸ್ಕ್ಯಾನಿನಲ್ಲೇ ಕಾಣುತ್ತಿತ್ತು. ಹದಿನೈದು ವರ್ಷದಿಂದ ಕುಡಿಯುತ್ತೇನೆಂದು ಅವನೇ ಬಾಯಿಬಿಟ್ಟು ಹೇಳಿದ್ದ. ಆದರೂ ಹಾಕಿದೆ. ನೋಡಬೇಕಿತ್ತು, ಅಷ್ಟೇ. ಮಧ್ಯಾಹ್ನ ನಾನು ಅಲ್ಲಿಂದ ಹೊರಟು ಬಾಗೇವಾಡಿ ದಾಟಿದ್ದೆ, ನರ್ಸಬಾಯಿಯವರ ಫೋನು. "ಸಾಹೇಬ್ರ, ಜೀಪ್ ತಿರುಗಿಸ್ರಿ. ನಾಡಿ ಓಡಾಕತ್ತೇತಿ, ಬಿ.ಪಿ. ಇಳಿಯಾಕತ್ತೇತಿ." ವಾಪಸು ಹೋಗುವಷ್ಟರಲ್ಲಿ ಅವರು ರಕ್ತದ ಗುಂಪು ನೋಡಿಸಿ, ಅವನ ಗ್ಯಾರೇಜಿನ ಹುಡುಗರನ್ನೇ ಸಾಲಾಗಿ ನಿಲ್ಲಿಸಿದ್ದರು. ಎರಡು ಬಾಟಲಿ ರಕ್ತ ಏರಿಸಿದೆವು. ಎರಡು ದಿನ ನಾನು ಅನ್ನ ನೆಟ್ಟಗೆ ತಿನ್ನಲಿಲ್ಲ. ಮಿಸ್ತ್ರಿ ಉಳಿದ. ಮನೆಗೂ ಹೋದ.

ಇದಾಗಿ ಹತ್ತು ಹನ್ನೆರಡು ದಿನಗಳಾಗಿರಬೇಕು. ವಿಜಯಪುರದಲ್ಲಿ ನನ್ನ ಟೇಬಲ್ಲಿನ ಎದುರು ನರ್ಸಬಾಯಿ ಬಂದು ನಿಂತು, ಒಂದು ಲಕೋಟೆ ಇಟ್ಟರು.

"ಇದು ಮಿಸ್ತ್ರಿ ರಿಪೋರ್ಟ್ ಅಲ್ರಿ?"

"ಹೌದು. ಯಾಕ್ರಿ?"

"ಬಂದು ನಾಕ್ ದಿನ ಆತು. ಒಡದಿಲ್ರಿ ನೀವು."

ನಿಜ. ಅಂಟು ಹಾಗೇ ಇತ್ತು. ಒಡೆದು ನೋಡುವ ನೆನಪೇ ಆಗಿರಲಿಲ್ಲ. ಕುಡಿಯುವುದು ಬಿಡಬೇಕು, ಇಂಥಿಂಥ ಗುಳಿಗೆ ತೆಗೆದುಕೊಳ್ಳಬೇಕು ಎಂದು ಸೂಜಿ ಹಾಕುವ ಮೊದಲೇ ಹೇಳಿಬಿಟ್ಟಿದ್ದೆನಲ್ಲ! ನಾನು ಏನೋ ಸಮಜಾಯಿಷಿ ಕೊಡಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ.

"ನೀವು ಒಡದೂ ನೋಡದಿರೋ ಚೀಟಿಗೆ ಅಂವಾ ಸಾಯೂ ಹಂಗ ಆದ್ನಲ್ರಿ ಸಾಹೇಬ್ರ."

ಮೈಯೆಲ್ಲ ಉರಿದುಹೋಯಿತು. ನರ್ಸ್ ಆಗಿ ಡಾಕ್ಟರಿಗೆ ಪಾಠ ಹೇಳಲು ಬರುತ್ತೀರಾ ಎಂದು ಕೂಗಾಡಿದೆ. ಹೊರಗೆ ಕುಳಿತಿದ್ದ ರೋಗಿಗಳು ಇಣುಕಿ ನೋಡಿದರು. ಅವರು ಬಾಯಲ್ಲಿನ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡು ನಿಂತಿದ್ದರು. ನನ್ನ ಕೂಗು ಮುಗಿದ ಮೇಲೆ, "ಆತ್ರಿ?" ಎಂದು ಕೇಳಿ ಹೊರಟುಹೋದರು. ಆ ದಿನ ಸಂಜೆ ಲಕೋಟೆ ಒಡೆದೆ. ನನಗೆ ಮೊದಲೇ ಗೊತ್ತಿದ್ದದ್ದನ್ನೇ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದರು. ನಾಚಿಕೆಯಾಯಿತು.

ಮುಂದಿನ ಸೋಮವಾರ ಇಂಡಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಸೂಜಿ ಹಾಕಬೇಕೆಂದು ನಾನು ಹೇಳುತ್ತಿದ್ದಂತೆ, ನರ್ಸಬಾಯಿ ಕ್ಯಾಲೆಂಡರಿನ ಅರ್ಧ ಹಾಳೆ ಮತ್ತು ಪೆನ್ನು ತಂದು ಎದುರಿಗೆ ಇಟ್ಟರು.

"ಎರಡ್ ಸಾಲ್ ಬರೀರಿ. ರಿಪೋರ್ಟ್ ಹಿಂಗ ಬಂದ್ರ ಏನ್ ಮಾಡ್ತೀರಿ, ಅದೊಂದು. ಹಂಗ ಬಂದ್ರ ಏನ್ ಮಾಡ್ತೀರಿ, ಅದೊಂದು. ಎರಡೂ ಒಂದೇ ಆದ್ರ ನಾ ಸೂಜಿ ಪ್ಯಾಕೆಟ್ ಒಡ್ಯಂಗಿಲ್ಲ."

"ಇದೇನ್ ನಿಮ್ಮ ಹೊಸಾ ಕಾನೂನು?"

"ಕಾನೂನಲ್ರಿ, ನನ್ನ ಹಟ ಅನ್ರಿ. ಅಕಿಗೆ ಎರಡ್ ಸಣ್ಣ ಕೂಸು ಅದಾವು."

ಅಷ್ಟು ಜನರ ನಡುವೆ ಜಗಳ ಬೇಡವೆಂದು ಬರೆದೆ. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಎಷ್ಟು ಯೋಚಿಸಿದರೂ ಕೊನೆಗೆ ಬರೆಯಬೇಕಾದದ್ದು ಅದೇ ಗುಳಿಗೆ, ಅದೇ ಮೂರು ತಿಂಗಳು. ಹಾಳೆಯನ್ನು ಅವರತ್ತ ತಳ್ಳಿದೆ. ಅವರು ಓದಿ, ಸೂಜಿಯ ಪ್ಯಾಕೆಟ್ಟನ್ನು ಒಡೆಯದೆ ಮರಳಿ ಡಬ್ಬಿಯೊಳಗಿಟ್ಟು, ಆ ಹೆಣ್ಣುಮಗಳಿಗೆ "ಏಳವ್ವಾ, ಚಹಾ ಕುಡಿ ಹೋಗು" ಎಂದರು. ಅವಳಿಗಾದ ಸಂತೋಷ ನೋಡಿ ನನಗೇ ನಗು ಬಂತು.

ಅಂದಿನಿಂದ ಇದೇ ಪದ್ಧತಿಯಾಯಿತು. ಎರಡು ಸಾಲು ನಾನು ಬರೆಯಬೇಕು. ಮೂರನೆಯದು ಅವರದು, ಆಮೇಲೆ ಏನಾಯಿತು ಎಂಬುದು. ಸೂಜಿ ಹಾಕಿದವರದು, ಹಾಕದೆ ಬಿಟ್ಟವರದು, ಎರಡೂ. ಯಾವುದಾದರೂ ಊರಲ್ಲಿ ಉಳಿದ ಮರುದಿನ ಬೆಳಿಗ್ಗೆ, ಬಸ್ಸಿಗೆ ಮೊದಲು, ಹಳೆಯ ರೋಗಿಗಳ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಫೋನ್ ಮಾಡಿ ಕೇಳಬಹುದಲ್ಲ ಎಂದರೆ, "ಫೋನಿನ್ಯಾಗ ಎಲ್ಲಾರೂ ಆರಾಮ ಅದೀವಿ ಅಂತಾರ್ರಿ. ಮಾರಿ ನೋಡಬೇಕು" ಎನ್ನುವರು. ಈಗ ಆ ಸಾಲುಗಳನ್ನು ಓದಿದರೆ ಅವರ ದನಿಯೇ ಕೇಳುತ್ತದೆ. 'ಕಣ್ಣು ಬೆಳ್ಳಗಾಗ್ಯಾವ. ಹೊಲಕ್ಕ ಹೋಗ್ತಾನ.' 'ಸೂಜಿ ಹಾಕಿದ್ದು ಉಪಯೋಗ ಆಗಲಿಲ್ಲ. ನೋವು ಅಷ್ಟೇ ಉಳೀತು.' 'ಹಾಕಲಿಲ್ಲ. ಆರಾಮ ಅದಾಳ. ಗಂಡ ಬೈತಾನ, ಅದಕ್ಕ ಔಷಧ ಇಲ್ಲ.'

ಎರಡು ಸಾಲು ಎಂದರೆ ಸೂಜಿ ತಪ್ಪಿಸುವ ಉಪಾಯ ಎಂದು ನಾನು ತಿಳಿದಿದ್ದೆ. ಅದೂ ಅರ್ಧ ಸತ್ಯವೇ ಎಂದು ತೋರಿಸಿದವರು ಒಬ್ಬ ಮಾಸ್ತರರು.

ಮುಳವಾಡದ ಕಡೆಯ ಒಂದು ಹಳ್ಳಿಯ ಸಾಲಿ ಮಾಸ್ತರು. ಬಾಗೇವಾಡಿಗೆ ಹೆಂಡತಿಯ ಜೊತೆ ಬಂದಿದ್ದರು. ಕಣ್ಣು ಅರಿಷಿಣ, ಕೈ ಸಣ್ಣಗೆ ನಡುಗುತ್ತಿತ್ತು, ಕೊರಳಲ್ಲಿ ಲಿಂಗ. "ಕುಡೀತೀರೇನ್ರಿ?" ಎಂದೆ. "ಇಲ್ರಿ, ಮುಟ್ಟಿಲ್ರಿ" ಎಂದರು. ಲಿವರ್ ಕೆಟ್ಟ ಪ್ರತಿಯೊಬ್ಬನೂ ಇದೇ ಮಾತು ಹೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು. ಹೊರಗೆ ಸಾಲಿನಲ್ಲಿ ಅವರ ಊರಿನವರೇ ಯಾರೋ, "ಮಾಸ್ತರು ಕದ್ದು ಕುಡೀತಿರಬೇಕು" ಎಂದು ಪಿಸುಗುಟ್ಟಿದ್ದೂ ಕಿವಿಗೆ ಬಿದ್ದಿತ್ತು. ರಕ್ತದ ವರದಿ ಎತ್ತ ಬೇಕಾದರೂ ವಾಲುವಂತಿತ್ತು. ಲಿವರ್ ದಿನದಿಂದ ದಿನಕ್ಕೆ ಕೆಡುತ್ತಿತ್ತು. ಹೀಗೇ ಬಿಟ್ಟರೆ ಕೆಲವು ತಿಂಗಳು, ಅಷ್ಟೇ. ನಾನು ಕುಡಿತ ಬಿಡಿ ಎಂದು ಬರೆದು, ಮುಂದಿನವರನ್ನು ಕರೆಯಿರಿ ಎಂದೆ.

ನರ್ಸಬಾಯಿ ಮುಂದಿನವರನ್ನು ಕರೆಯಲಿಲ್ಲ. ಅರ್ಧ ಹಾಳೆ ತಂದಿಟ್ಟರು.

"ಇವರಿಗೆ ಸೂಜಿ ಬೇಕಾಗಿಲ್ಲ ಬಾಯಾರ" ಎಂದೆ. "ನಿಮ್ಮ ಕಾನೂನೇ ಅಲ್ಲ? ಹಿಂಗ ಬಂದ್ರೂ ಕುಡಿಯೂದು ಬಿಡಬೇಕು, ಹಂಗ ಬಂದ್ರೂ ಕುಡಿಯೂದು ಬಿಡಬೇಕು."

"ಅದು ಒಂದ ಸಾಲನ್ನ ಎರಡ್ ಸಲ ಬರದಂಗಾತ್ರಿ. ಅವರು ಖರೇ ಹೇಳಾಕತ್ತಿದ್ರ? ಆ ಸಾಲು ಎಲ್ಲೈತಿ?"

"ಎಲ್ಲಾರೂ ಖರೇನೇ ಹೇಳ್ತಾರ!"

ಅವರು ಬಾಗಿ, ಮಾಸ್ತರರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು. "ಕುಡಿಯೂ ಮನಶ್ಯಾ ಈ ಮಾತ್ ಕೇಳಿದ್ರ ಹೆಂಡತಿ ಮಾರಿ ನೋಡಂಗಿಲ್ರಿ. ಇವರು ಮೊದಲು ಹೆಂಡತಿ ಕಡೆನೇ ನೋಡಿದ್ರು. ಆ ತಾಯಿ ಮಾರಿಮ್ಯಾಗ ಸಿಟ್ಟಿಲ್ಲ, ಅಂಜಿಕಿ ಐತಿ. ಬರೀರಿ ಸಾಹೇಬ್ರ."

ಬರೆದೆ. ಸಿಟ್ಟಿನಿಂದಲೇ ಬರೆದೆ. ಮೊದಲ ಸಾಲು: ಕುಡಿತದಿಂದ ಆಗಿದ್ದರೆ, ಕುಡಿತ ಬಿಡಿಸುವುದು, ಸ್ಟೀರಾಯ್ಡ್ ಸದ್ಯಕ್ಕೆ ಬೇಡ. ಎರಡನೆಯದು: ದೇಹದ ಸ್ವಂತ ರಕ್ಷಣಾ ಕಣಗಳೇ ಲಿವರನ್ನು ತಿನ್ನುತ್ತಿದ್ದರೆ, ಅವನ್ನು ತಡೆಯುವ ಸ್ಟೀರಾಯ್ಡ್ ಗುಳಿಗೆ ಅಂದೇ ಶುರು. ಬರೆದು ಮುಗಿಸಿ ನೋಡಿದರೆ ಎರಡು ಸಾಲುಗಳ ನಡುವೆ ಒಬ್ಬ ಮನುಷ್ಯನ ಪ್ರಾಣವೇ ಇತ್ತು. ಅಂದು ಸೂಜಿ ಹಾಕುವಾಗ ಇದ್ದಷ್ಟು ಎಚ್ಚರ ನನಗೆ ಮೊದಲು ಎಂದೂ ಇರಲಿಲ್ಲ.

ಆ ವರದಿಯನ್ನು ಲ್ಯಾಬಿನ ಬಾಗಿಲಲ್ಲೇ ನಿಂತು ಒಡೆದೆ. ಎರಡನೆಯ ಸಾಲು! ಮಾಸ್ತರರು ಹನಿಯನ್ನೂ ಮುಟ್ಟಿದವರಲ್ಲ. ಅವರ ದೇಹವೇ ಅವರಿಗೆ ತಿರುಗಿಬಿದ್ದಿತ್ತು. ಅಂದೇ ಗುಳಿಗೆ ಶುರುವಾದವು. ಮೂರು ತಿಂಗಳಿಗೆ ಕಣ್ಣು ತಿಳಿಯಾಯಿತು, ನಡುಕ ನಿಂತಿತು. ಬಾಗೇವಾಡಿಗೆ ಬಂದವರು ನನಗೆ ಕೈಮುಗಿಯಲು ಬಗ್ಗಿದಾಗ, ನಾನು ನರ್ಸಬಾಯಿಯವರತ್ತ ಕೈ ತೋರಿಸಿದೆ. "ನನಗ್ಯಾಕ್ರಿ, ಸೂಜಿ ಹಾಕಿದವರು ಅವರು" ಎಂದು ನರ್ಸಬಾಯಿ ಅಲ್ಲಿಂದ ಎದ್ದೇ ಹೋದರು. ಮಾಸ್ತರರ ಹಾಳೆಯ ಮೂರನೆಯ ಸಾಲು ಈಗ ನನ್ನ ಕೈಯಲ್ಲಿದೆ: 'ಸಾಲಿಗೆ ಹೋಗ್ತಾರ. ಊರ ಮಂದಿ ಬಾಯಿ ಮುಚ್ಚೇತಿ. ಅವರ ಹೆಂಡತಿ ಶೇಂಗಾ ಹೋಳಗಿ ಮಾಡಿ ಹಾಕಿದಳು.'

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ...

ಆಮೇಲೆ ಒಂದು ದಿನ ಜೀಪಿನಲ್ಲಿ ಅವರ ಬಾಯಲ್ಲಿ ಲವಂಗ ಇರಲಿಲ್ಲ. "ಯಾಕೋ ವಾಸನಿ ಸೇರವಲ್ದು" ಎಂದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ನಾನು ಲಿವರ್ ಡಾಕ್ಟರ್, ಪಕ್ಕದಲ್ಲೇ ಕುಳಿತಿದ್ದವರ ಕಣ್ಣಿನ ಅಂಚು ಹಳದಿಯಾಗುವ ತನಕ ನನಗೆ ತಿಳಿಯಲಿಲ್ಲ. ಇದಕ್ಕಾಗಿ ನನ್ನನ್ನು ನಾನು ಇನ್ನೂ ಬೈದುಕೊಳ್ಳುತ್ತೇನೆ. ಸ್ಕ್ಯಾನ್ ಮಾಡಿಸಿದೆ. ಕ್ಯಾನ್ಸರಿನ ಗಂಟು ಮೇದೋಜ್ಜೀರಕದಲ್ಲಿ ಹುಟ್ಟಿ ಲಿವರಿನ ತುಂಬ ಹಬ್ಬಿತ್ತು. ತಮ್ಮ ಸೊಲ್ಲಾಪುರಕ್ಕೆ ಕರೆದೊಯ್ದ. ಆಪರೇಷನ್ ಆಗುವ ಹಂತ ದಾಟಿದೆ, ಶಕ್ತಿ ತೀರ ಕುಂದಿದೆ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದರು.

ನಾನು ಬಿಡಲಿಲ್ಲ. ಬಯಾಪ್ಸಿ ಮಾಡೋಣ, ಯಾವ ಜಾತಿಯ ಗಂಟು ಎಂದಾದರೂ ಗೊತ್ತಾಗಲಿ ಎಂದು ಹಟ ಹಿಡಿದೆ. ಇಂಡಿಯ ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಮಲಗಿಸಿದ್ದೆ, ಚಡಚಣಕ್ಕೆ ಹತ್ತಿರವೆಂದು. ಸೋಮವಾರ ಬೆಳಿಗ್ಗೆ ನಾನೇ ಟ್ರೇ ಸಜ್ಜುಮಾಡಿದೆ. ಅವರು ಮಲಗಿದ್ದಲ್ಲಿಂದಲೇ ನೋಡುತ್ತಿದ್ದರು.

"ಹಾಳಿ ಎಲ್ಲೈತ್ರಿ?" ಎಂದರು.

"ಬಾಯಾರ, ಈಗ ಅದೆಲ್ಲಾ ಬ್ಯಾಡ್ರಿ."

"ಎಲ್ಲಾರಿಗೂ ಬೇಕು, ನನಗಷ್ಟ ಬ್ಯಾಡೇನು? ಡಬ್ಬ್ಯಾಗ ಐತಿ, ತಗೋರಿ."

ತೆಗೆದುಕೊಂಡೆ. ಮೊದಲ ಸಾಲು ಬರೆದೆ: ನಾವು ಅಂದುಕೊಂಡ ಜಾತಿಯದೇ ಆಗಿದ್ದರೆ, ನೋವಿಗೆ ಔಷಧ, ಮನೆ. ಎರಡನೆಯ ಸಾಲು: ಬೇರೆ ಜಾತಿಯದಾಗಿದ್ದರೆ, ಗಂಟಿಗೆ ಔಷಧ ಶುರು. ಓದಿ ಹೇಳಿದೆ.

"ಆ ಔಷಧ ನನ್ನ ಮೈ ತಡಕೋತದೇನ್ರಿ?"

ನಾನು ಟ್ರೇಯಲ್ಲಿನ ಹತ್ತಿಯನ್ನು ಸರಿಮಾಡತೊಡಗಿದೆ.

"ಸಾಹೇಬ್ರ, ನಿಮ್ಮನ್ನ ಕೇಳಾಕತ್ತೇನಿ. ತಡಕೋತದೇನು?"

"ಇಲ್ರಿ."

"ಹಂಗಾದ್ರ ಅದನ್ನ ಹೊಡದು ಹಾಕ್ರಿ."

ಎರಡನೆಯ ಸಾಲಿನ ಮೇಲೆ ಗೆರೆ ಎಳೆದೆ. ಅದರ ಕೆಳಗೆ ಮತ್ತೆ, ಮೊದಲಿನದನ್ನೇ, ನೋವಿಗೆ ಔಷಧ, ಮನೆ ಎಂದು ಬರೆದೆ. ಅಕ್ಷರ ಕಾಣದಷ್ಟು ಅಳು ಬಂದಿತ್ತು. ಅವರು ಹಾಳೆ ಇಸಿದುಕೊಂಡು ಓದಿದರು. ಟ್ರೇಯಲ್ಲಿದ್ದ ಸೂಜಿಯ ಪ್ಯಾಕೆಟ್ಟನ್ನು ಎತ್ತಿ, ಒಡೆಯದೆ, ಡಬ್ಬಿಯೊಳಗೆ ಹಾಕಿದರು. "ಏಳ್ರಿ, ಹೊರಗ ಮಂದಿ ಕುಂತಾರ" ಎಂದರು, ನನಗೆ.

ಚಡಚಣದ ಮನೆಗೆ ನಾನು ಪ್ರತಿ ಸೋಮವಾರ ಹೋಗಿಬರುತ್ತಿದ್ದೆ. ನೋವಿಗೆ ಔಷಧ ಹೊಂದಿಸುವುದು ನನ್ನ ಕೆಲಸ. ಅದನ್ನು ಮಾತ್ರ ಚೆನ್ನಾಗಿ ಮಾಡಿದೆ, ಆ ಸಮಾಧಾನವಿದೆ. ಅವರು ಪಡಸಾಲೆಯ ಮಂಚದ ಮೇಲೆ ಕುಳಿತು ತಮ್ಮನ ಹೆಂಡತಿಗೆ ಮರಾಠಿಯಲ್ಲಿ ಅಡುಗೆ ಹೇಳುತ್ತಿದ್ದರು, ನನ್ನನ್ನು ಕನ್ನಡದಲ್ಲಿ ವಿಚಾರಿಸುತ್ತಿದ್ದರು. ಯಾರಿಗೆ ಹಾಕಿದಿರಿ, ಯಾಕೆ ಹಾಕಿದಿರಿ, ಲಕೋಟೆ ಒಡೆದಿರಾ? ಆರನೆಯ ಸೋಮವಾರ ಹೋದಾಗ ಮಂಚ ಖಾಲಿಯಿತ್ತು. ಆ ಮುಂಜಾನೆಯೇ, ಮಾತಾಡುತ್ತಾಡುತ್ತಲೇ ಹೋದರಂತೆ.

ಅವರ ನಂತರ ಮನೆ ಹುಡುಕಿ ಹೋಗುವವರಿಲ್ಲದೆ ಹಾಳೆಗಳೂ ನಿಂತವು, ಡಬ್ಬಿ ಸ್ಟೋರ್ ರೂಮು ಸೇರಿತು. ಈಗ ಅಲ್ಲೇ ಕಟ್ಟು ಬಿಚ್ಚಿಕೊಂಡು ಕುಳಿತು ಮಂಡಳಿಗೆ ಉತ್ತರ ಬರೆದು ಮುಗಿಸಿದ್ದೇನೆ. ಎಷ್ಟು ಸೂಜಿ ಹಾಕಿದೆವು ಎಂಬುದರಿಂದ ಈ ಸೇವೆಯ ಬೆಲೆ ತಿಳಿಯುವುದಿಲ್ಲ ಎಂದು ಬರೆದಿದ್ದೇನೆ. ಹಾಕಿ ಏನೂ ಬದಲಾಗದವರ ಹಾಳೆಗಳನ್ನು ಮುಚ್ಚಿಟ್ಟಿಲ್ಲ. ಹಾಕದೆ ಬಿಟ್ಟದ್ದೂ ಈ ಸೇವೆಯ ಉಪಯೋಗವೇ ಎಂದಿದ್ದೇನೆ. ಮಾಸ್ತರರ ಹಾಳೆಯ ನಕಲನ್ನು, ಹೆಸರು ಮುಚ್ಚಿ, ಜೊತೆಗೆ ಇಟ್ಟಿದ್ದೇನೆ. ಕುಡಿತದಿಂದಲೋ ಅಲ್ಲವೋ ಎಂದು ಅವರ ಸ್ಕ್ಯಾನ್ ಹೇಳಲಿಲ್ಲ, ಆ ಚೂರು ಹೇಳಿತು. ನಾಲ್ಕೂ ಊರಲ್ಲಿ ಸೇವೆ ಮುಂದುವರಿಯಬೇಕು, ಎರಡು ಸಾಲು ಬರೆಯದೆ ಯಾರೂ ಸೂಜಿ ಮುಟ್ಟಬಾರದು, ಮೂರನೆಯ ಸಾಲಿಗೆ ಒಬ್ಬರು ರೋಗಿಯ ಮನೆಗೆ ಹೋಗಬೇಕು. ಮಂಡಳಿಯವರು ಒಪ್ಪುತ್ತಾರೆ. ಒಪ್ಪದಿದ್ದರೆ ಹಾಳೆಗಳನ್ನು ಹೊತ್ತುಕೊಂಡು ಹೋಗಿ ಒಂದೊಂದಾಗಿ ಓದಿ ಹೇಳುತ್ತೇನೆ, ಎದ್ದು ಹೋಗಲು ಬಿಡುವುದಿಲ್ಲ.

ಕಟ್ಟಿನ ತಳದಲ್ಲಿ ಅವರದೇ ಹಾಳೆ ಇತ್ತು. ಗೆರೆ ಎಳೆದ ಸಾಲು, ಅದರ ಕೆಳಗಿನ ನನ್ನ ಕಲಸಿಹೋದ ಅಕ್ಷರ. ಅದರ ಕೆಳಗೆ ಖಾಲಿ. ಮೂರನೆಯ ಸಾಲು ಬರೆಯುವವರೇ ಇರಲಿಲ್ಲವಲ್ಲ... ಪೆನ್ನು ತೆಗೆದು, ಅವರು ಬರೆಯುತ್ತಿದ್ದ ಹಾಗೆಯೇ, ಅವರ ಮಾತಿನಲ್ಲೇ ಬರೆದೆ: 'ಸೂಜಿ ಹಾಕಲಿಲ್ಲ. ಮನ್ಯಾಗ ಇದ್ದರು. ನೋವು ಆಗಲಿಲ್ಲ. ಮಾರಿ ನೋಡೇನಿ.' ಇಡೀ ಡಬ್ಬಿಯಲ್ಲಿ ನನ್ನ ಕೈಬರಹದ ಮೂರನೆಯ ಸಾಲು ಇದೊಂದೇ.